ಯಜಮಾನರೂ ಮಾತ್ರೆ ನುಂಗಬೇಕು

ಸಕಲೇಶಪುರದ ಕಡೆಯಿಂದ, ಹೆಸರು ಬೇಡ ಎಂದು ಬರೆದ ಸೋದರಿಗೆ,

ನಿಮ್ಮ ಪತ್ರದ ಸಾರ ಇಷ್ಟು: ಹಳದಿ-ಹಸಿರು ನೊರೆಯಂಥ ಸ್ರಾವ, ಕೆಟ್ಟ ವಾಸನೆ, ತುರಿಕೆ. ಡಾಕ್ಟರು ‘ಟ್ರೈಕೊಮೊನಾಸ್’ ಎಂದು ಏಳು ದಿನ ಮಾತ್ರೆ ಕೊಟ್ಟರು. ವಾಸಿಯಾಯಿತು. ಎರಡೇ ತಿಂಗಳಿಗೆ ಮತ್ತೆ ಬಂತು. ಅತ್ತೆ ‘ಉಷ್ಣ, ಎಳನೀರು ಕುಡಿ’ ಎನ್ನುತ್ತಾರೆ. ಯಜಮಾನರು ‘ನನಗೇನೂ ಇಲ್ವಲ್ಲ, ನಾನ್ಯಾಕೆ ಮಾತ್ರೆ ತಗೊಳ್ಳಲಿ’ ಎನ್ನುತ್ತಾರೆ. ಬಸ್ ಸ್ಟ್ಯಾಂಡ್ ಶೌಚಾಲಯದಿಂದ ಬಂತೇ ಎಂದು ಕೇಳಿದ್ದೀರಿ.

ಎಳನೀರು ಕುಡಿಯಿರಿ, ತಪ್ಪೇನಿಲ್ಲ. ಆದರೆ ಇದು ಉಷ್ಣ ಅಲ್ಲ. ಒಂದೇ ಜೀವಕೋಶದ ಪರೋಪಜೀವಿ. 1836ರಲ್ಲೇ ಪ್ಯಾರಿಸ್ಸಿನ ವೈದ್ಯ ಆಲ್‌ಫ್ರೆಡ್ ಡೊನ್ನೆ ಸೂಕ್ಷ್ಮದರ್ಶಕದಲ್ಲಿ ಇದರ ಓಡಾಟ ಕಂಡಿದ್ದರು. ಹರಡುವುದು ಲೈಂಗಿಕ ಸಂಪರ್ಕದಿಂದ. ಶೌಚಾಲಯವನ್ನು ಬೇರೆ ನೂರು ಕಾರಣಕ್ಕೆ ಬೈಯಿರಿ, ಇದಕ್ಕೆ ಬೇಡ. ನಾಚಿಕೆಯೂ ಬೇಡ. 2020ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಸುಮಾರು 15.6 ಕೋಟಿ ಮಂದಿಗೆ ಇದು ತಗುಲಿತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇನ್ನು ಯಜಮಾನರ ಮಾತು. ಗಂಟು ಇರುವುದೇ ಅಲ್ಲಿ. ಸೋಂಕು ತಗುಲಿದ 10 ಜನರಲ್ಲಿ ಸುಮಾರು 7 ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗಂಡಸರಲ್ಲಂತೂ ಲಕ್ಷಣ ಕಾಣುವುದು ಇನ್ನೂ ಕಡಿಮೆ. ಉರಿಮೂತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಿಮಗೆ ವಾಸಿಯಾದ ಮೇಲೆ ಅವರಿಂದ ಮತ್ತೆ ಬಂದಿರುವ ಸಾಧ್ಯತೆಯೇ ಜಾಸ್ತಿ. ಹಾಗಂತ ‘ಮೊದಲು ತಂದವರು ಯಾರು’ ಎಂದು ಜಗಳಕ್ಕೆ ಇಳಿಯಬೇಡಿ. ಇದು ಸದ್ದಿಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರಬಲ್ಲದು. ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಇಬ್ಬರೂ ಒಟ್ಟಿಗೇ ಮಾತ್ರೆ ಮುಗಿಸಬೇಕು. ಮೆಟ್ರೊನಿಡಜೋಲ್, ಅದೇ ಭೇದಿಗೂ ಕೊಡುತ್ತಾರಲ್ಲ, ಬಾಯಿ ಕಹಿಯಾಗುವ ಮಾತ್ರೆ. ನವೆ ನಿಂತಿತು ಎಂದು ಅರ್ಧಕ್ಕೆ ಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರಲೂಬೇಡಿ, ಡೋಸ್ ಇಬ್ಬರಿಗೂ ಒಂದೇ ಇರುವುದಿಲ್ಲ. ಮಾತ್ರೆ ಮುಗಿದು ಒಂದು ವಾರದವರೆಗೆ ಕೂಡುವುದು ಬೇಡ. ಮೂರು ತಿಂಗಳೊಳಗೆ ನೀವು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮುಂದಕ್ಕೆ ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಬಸುರಿಯಾಗಿದ್ದರೆ ಮೊದಲೇ ಹೇಳಿ. ಈ ಸೋಂಕಿದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು. ಎಚ್‌ಐವಿ ತಗುಲುವ ಅಪಾಯವೂ ಹೆಚ್ಚುತ್ತದೆ.

ಊರಿನ ಆಸ್ಪತ್ರೆಯಲ್ಲಿ ಗುರುತಿನವರು ಸಿಗುತ್ತಾರೆ ಎಂಬ ಅಂಜಿಕೆ ನನಗೂ ಅರ್ಥವಾಗುತ್ತದೆ. ಹಾಸನದ ಬಸ್ ಹತ್ತಿ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ‘ಸುರಕ್ಷಾ ಕ್ಲಿನಿಕ್’ ಇರುತ್ತದೆ, ಔಷಧಿಗೆ ದುಡ್ಡಿಲ್ಲ. ಯಜಮಾನರು ಒಪ್ಪದಿದ್ದರೆ ಈ ಪುಟವನ್ನು ಮಡಚಿ, ಬೆಳಗಿನ ಕಾಫಿ ಜೊತೆ ಅವರ ಪೇಪರ್ ಒಳಗೆ ಇಟ್ಟುಬಿಡಿ.

– ಸಂಪಾದಕ