ಎರಡನೇ ಪುಟದಲ್ಲಿ ಅಡಗಿದ್ದ ಬಾವಿ

ಪ್ರಶ್ನೆ: ಮೇಡಂ, ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ಅಮೆರಿಕದಲ್ಲಿ ಅಂತರ್ಜಲದ ಬಗ್ಗೆ ಎಂ.ಎಸ್. ಮಾಡುವ ಆಸೆ. ಅದಕ್ಕೆ ಬರೆಯುವ ಜಿಆರ್‌ಇ ಪ್ರವೇಶ ಪರೀಕ್ಷೆಯಲ್ಲಿ ಕ್ವಾಂಟ್ (ಗಣಿತ) 163, ವರ್ಬಲ್ (ಇಂಗ್ಲಿಷ್ ಪದ, ಓದು) 149, ರೈಟಿಂಗ್ 3.5 ಬಂದಿದೆ. ಅರ್ಜಿ ಹಾಕಲು ಇನ್ನು ಎರಡೇ ತಿಂಗಳು. ಮತ್ತೆ ಬರೆಯಲಾ? ಅರ್ಜಿಯ ಜೊತೆ ನನ್ನ ಬಗ್ಗೆ ನಾನೇ ಬರೆದು ಕೊಡಬೇಕಾದ ಪರ್ಸನಲ್ ಸ್ಟೇಟ್‌ಮೆಂಟನ್ನು ನಾಲ್ಕು ಸಲ ಬರೆದು ಅಳಿಸಿದ್ದೇನೆ. ಸೀನಿಯರ್ ಒಬ್ಬರು ತಮ್ಮದನ್ನೇ ಕೊಟ್ಟು ‘ಅಲ್ಲಿಲ್ಲಿ ಬದಲಾಯಿಸಿಕೋ ಸಾಕು’ ಅಂದರು. ನನ್ನ ಐದನೇ ಕರಡನ್ನು ಜೊತೆಗೆ ಕಳಿಸಿದ್ದೇನೆ. (ಹೆಸರು ಬೇಡ)

ಉತ್ತರ: ಮೊದಲು ಒಂದು ಕೆಲಸ ಮಾಡಿ. ನೀವು ಅರ್ಜಿ ಹಾಕುವ ವಿಭಾಗಗಳು ಜಿಆರ್‌ಇ ಕೇಳುತ್ತವಾ ನೋಡಿ. ವಿಶ್ವವಿದ್ಯಾಲಯದ ಮುಖಪುಟ ನೋಡಿದರೆ ಸಾಲದು, ವಿಭಾಗದ ಪುಟವನ್ನೇ ತೆರೆಯಿರಿ. ಕೋವಿಡ್ ನಂತರ ಎಷ್ಟೋ ವಿಭಾಗಗಳು ಅದನ್ನು ಕೈಬಿಟ್ಟಿವೆ, ಕೆಲವು ‘ಇಷ್ಟವಿದ್ದರೆ ಕಳಿಸಿ’ ಅನ್ನುತ್ತವೆ, ಇನ್ನು ಕೆಲವು ಕಳಿಸಿದರೂ ನೋಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅರ್ಧಕ್ಕರ್ಧ ಹಾಗಿದ್ದರೆ ಈ ಚಿಂತೆಯೇ ದಂಡ ಅಲ್ವಾ?

ಕೇಳುತ್ತಾರೆ ಅಂತಲೇ ಇಟ್ಟುಕೊಳ್ಳಿ. 170ಕ್ಕೆ 163 ಕ್ವಾಂಟ್ ಎಂಜಿನಿಯರಿಂಗ್‌ಗೆ ಕೆಟ್ಟದ್ದೇನಲ್ಲ. ವರ್ಬಲ್ ಸ್ವಲ್ಪ ಸೊರಗಿದೆ, ನಿಜ. 21 ದಿನ ಬಿಟ್ಟು ಮತ್ತೆ ಬರೆಯಬಹುದು, ಅಂಕ ಬರಲು ಎಂಟು-ಹತ್ತು ದಿನ, ಅಲ್ಲಿಗೆ ಎರಡು ತಿಂಗಳಲ್ಲಿ ಆಗುವ ಕೆಲಸವೇ. ಆದರೆ ಸುಮ್ನೆ ದುಡ್ಡು ಕಟ್ಟಬೇಡಿ. ಪರೀಕ್ಷೆ ನಡೆಸುವ ಇಟಿಎಸ್‌ನವರೇ ಪವರ್‌ಪ್ರೆಪ್ ಅನ್ನೋ ಎರಡು ಮಾದರಿ ಟೆಸ್ಟ್ ಉಚಿತವಾಗಿ ಕೊಡುತ್ತಾರೆ. ಒಂದನ್ನು ಗಡಿಯಾರ ಇಟ್ಟುಕೊಂಡು, ಫೋನ್ ಬೇರೆ ಕೋಣೆಯಲ್ಲಿಟ್ಟು ಮಾಡಿ. ವರ್ಬಲ್‌ನಲ್ಲಿ 27 ಪ್ರಶ್ನೆ, 41 ನಿಮಿಷ. ಎಲ್ಲಿ ಜಾರುತ್ತಿದ್ದೀರಿ ಅಂತ ಬರೆದಿಟ್ಟುಕೊಳ್ಳಿ. ಒಂದೇ ವಾಕ್ಯಕ್ಕೆ ಹೊಂದುವ ಎರಡು ಪದ ಆರಿಸುವ ಪ್ರಶ್ನೆ ಇದೆಯಲ್ಲ, ಅದರಲ್ಲಿ ಒಂದು ಸರಿ ಒಂದು ತಪ್ಪಾದರೆ ಅರ್ಧ ಅಂಕವೂ ಇಲ್ಲ, ಸೊನ್ನೆ. ಪದ ಗೊತ್ತಿದ್ದವರೂ ಅಲ್ಲೇ ಜಾಸ್ತಿ ಕಳೆದುಕೊಳ್ಳೋದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಮೂರು ವಾರ ಓದಿದ ಮೇಲೆ ಎರಡನೇ ಟೆಸ್ಟ್ ಮಾಡಿ, ನಾಲ್ಕೈದು ಅಂಕವೂ ಏರದಿದ್ದರೆ ಅಲ್ಲಿಗೇ ಬಿಡಿ. ಏರಿದರೆ ಮತ್ತೆ ಬರೆಯಿರಿ; ಅಲ್ಲಿ ಅಂಕ ಇಳಿದರೂ ಹೆದರಬೇಡಿ, ಯಾವ ದಿನದ ಪರೀಕ್ಷೆಯ ಅಂಕ ಕಳಿಸಬೇಕು ಅನ್ನೋದು ನಿಮ್ಮ ಕೈಲಿದೆ. ಆದರೆ ಈ ಸಲದ ಕ್ವಾಂಟು, ಮುಂದಿನ ಸಲದ ವರ್ಬಲ್ಲು ಅಂತ ಬೆರೆಸಿ ಕಳಿಸಲು ಆಗಲ್ಲ.

ನನಗೆ ಚಿಂತೆ ಇರುವುದು ನಿಮ್ಮ ಕರಡಿನ ಬಗ್ಗೆ. ಶುರುವಾಗೋದೇ ಹೀಗೆ: ‘ಚಿಕ್ಕಂದಿನಿಂದಲೂ ನನಗೆ ನೀರೆಂದರೆ ವಿಶೇಷ ಆಕರ್ಷಣೆ. ನೀರೇ ಜೀವನದ ಮೂಲ.’ ಇದನ್ನು ಯಾರು ಬೇಕಾದರೂ ಬರೆಯಬಹುದು, ಮೀನು ಸಾಕುವವರು ಕೂಡ. (ನಗಬೇಡಿ, ನನ್ನ ಮೊದಲ ಕರಡೂ ‘ಚಿಕ್ಕಂದಿನಿಂದಲೂ’ ಅಂತಲೇ ಶುರುವಾಗಿತ್ತು.) ಆಮೇಲೆ ಒಂದೂವರೆ ಪುಟ ಕೋರ್ಸುಗಳ ಹೆಸರು, ಅದು ಅಂಕಪಟ್ಟಿಯಲ್ಲೇ ಇದೆ. ಎರಡನೇ ಪುಟದ ಕೊನೆಯಲ್ಲಿ, ಯಾರಿಗೂ ಕಾಣಬಾರದು ಅನ್ನೋ ಹಾಗೆ, ಒಂದು ಸಾಲು. ಪ್ರಾಜೆಕ್ಟಿನಲ್ಲಿ ಒಂದು ಬಾವಿಯ ನೀರಿನ ಮಟ್ಟ ಅಂತರ್ಜಲ ಲೆಕ್ಕ ಹಾಕುವ ಮಾಡೆಲ್ಲಿಗೆ ಹೊಂದಲೇ ಇಲ್ಲ, ಆಮೇಲೆ ಹೋಗಿ ವಿಚಾರಿಸಿದರೆ ಪಂಪ್ ನಿಲ್ಲಿಸಿದ ತಕ್ಷಣ ಅಳತೆ ತೆಗೆದಿದ್ದರು ಅಂತ ಗೊತ್ತಾಯಿತು.

ಅಯ್ಯೋ, ಇದನ್ನು ಯಾಕೆ ಅಡಗಿಸಿಟ್ಟಿರಿ? ಇಲ್ಲಿಂದಲೇ ಶುರು ಮಾಡಿ. ಎಷ್ಟು ದಿನ ಮಾಡೆಲ್ಲನ್ನೇ ಬೈದುಕೊಂಡಿರಿ, ಬಾವಿ ಹತ್ತಿರ ಹೋಗಬೇಕು ಅಂತ ಯಾಕೆ ಅನ್ನಿಸಿತು, ಯಾರನ್ನು ಕೇಳಿದಿರಿ, ನೀರು ಮತ್ತೆ ಮೇಲೇರುವವರೆಗೆ ಕಾದು ಅಳೆದಾಗ ಎಷ್ಟು ಬಂತು, ಎಲ್ಲ ಬರೆಯಿರಿ. ಆಮೇಲೆ ಅದರಿಂದ ಹುಟ್ಟಿದ, ನಿಮಗೆ ಇನ್ನೂ ಉತ್ತರ ಸಿಗದ ಪ್ರಶ್ನೆ. ಆ ಪ್ರಶ್ನೆಗಾಗಿ ಈ ವಿಭಾಗಕ್ಕೇ ಯಾಕೆ ಬರುತ್ತಿದ್ದೀರಿ ಅನ್ನೋದು ಕೊನೆಗೆ. ಕೋರ್ಸುಗಳಿಗೆ ಎರಡು ಸಾಲು ಸಾಕು.

ಸೀನಿಯರ್ ಕೊಟ್ಟದ್ದನ್ನು ಮುಟ್ಟಬೇಡಿ. ನಕಲು ಹಿಡಿಯುವ ಸಾಫ್ಟ್‌ವೇರ್ ಇಟ್ಟುಕೊಂಡ ವಿಶ್ವವಿದ್ಯಾಲಯಗಳಿವೆ. ಅದು ಹೋಗಲಿ, ನಿಮ್ಮ ಗೈಡ್ ಶಿಫಾರಸು ಪತ್ರದಲ್ಲಿ ಬಾವಿಯ ಕಥೆ ಬರೆದು, ನೀವು ಸೀನಿಯರ್‌ನ ಸೇತುವೆ ಕಥೆ ಬರೆದರೆ ಓದುವವರು ಏನಂದುಕೊಳ್ಳಬೇಕು?

ಇನ್ನೊಂದು ಮಾತು. ಪರ್ಸನಲ್ ಸ್ಟೇಟ್‌ಮೆಂಟ್, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎರಡೂ ಎಲ್ಲ ಕಡೆ ಒಂದೇ ಅಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದಂಥ ಕಡೆ ಎರಡನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ: ಒಂದರಲ್ಲಿ ನೀವು ಬೆಳೆದು ಬಂದ ದಾರಿ, ಇನ್ನೊಂದರಲ್ಲಿ ಓದು, ಸಂಶೋಧನೆ. ಬಾವಿ ಎರಡನೆಯದಕ್ಕೆ. ಪ್ರಶ್ನೆಯನ್ನು ಪೂರ್ತಿ ಓದಿಯೇ ಪೆನ್ನು ಹಿಡಿಯಿರಿ.

ಪ್ರಶ್ನೆ: ನಾಲ್ಕು ವರ್ಷದ ಹಿಂದಿನ ಜಿಆರ್‌ಇ, ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಂಕ ಈಗ ನಡೆಯುತ್ತಾ?

ಉತ್ತರ: ಜಿಆರ್‌ಇ ಐದು ವರ್ಷ ನಡೆಯುತ್ತದೆ. ಐಇಎಲ್‌ಟಿಎಸ್ ಎರಡೇ ವರ್ಷ, ಅದನ್ನು ಮತ್ತೆ ಬರೆಯಿರಿ.

ಪ್ರಶ್ನೆ: ಸ್ಟೇಟ್‌ಮೆಂಟಿನಲ್ಲಿ ಪ್ರೊಫೆಸರ್‌ಗಳ ಹೆಸರು ಹಾಕಬೇಕಾ?

ಉತ್ತರ: ಅವರ ಒಂದು ಲೇಖನವನ್ನಾದರೂ ಓದಿದ್ದರೆ ಹಾಕಿ. ಹಾಕುವ ಮುಂಚೆ ಅವರು ಇನ್ನೂ ಅಲ್ಲೇ ಇದ್ದಾರಾ, ನಿವೃತ್ತರಾಗಿದ್ದಾರಾ ನೋಡಿಕೊಳ್ಳಿ.