ನಾಲ್ಕು ಕೋಟಿ ಅಂಕಿಗಳ ಸಂಖ್ಯೆ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ತಿಳಿದಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯ ಕುರಿತ ನಿಮ್ಮ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಸರಾಗವಾಗಿದೆ. ಆದರೆ ಅರ್ಧ ಲೇಖನ ಬರೀ ಬೆರಗು: ಮುದ್ರಿಸಿದರೆ ಎಷ್ಟು ಸಂಪುಟ, ಓದಲು ಎಷ್ಟು ದಿನ. ಅಷ್ಟೇ ಉದ್ದದ ಯಾವ ಸಂಖ್ಯೆಗೂ ಆ ಮಾತು ಸಲ್ಲುತ್ತದೆ. 2ರ ಘಾತಾಂಕ 13,62,79,841 ಆಗಿ, ಅದರಿಂದ 1 ಕಳೆದಾಗ ಬರುವುದು ಈ ಸಂಖ್ಯೆ. ಇದರ ಸ್ವಾರಸ್ಯವೆಲ್ಲ ಆ ರೂಪದಲ್ಲಿದೆ. ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಅಂಕಿಗಳು 4,10,24,321 ಎಂದಿದ್ದೀರಿ. ಒಂದು ಹೆಚ್ಚಾಯಿತು. ಘಾತಾಂಕವನ್ನು 2ರ ಲಾಗರಿದಮ್ ಆದ 0.30103ರಿಂದ ಗುಣಿಸಿರಬೇಕು. ಘಾತಾಂಕ ಇಷ್ಟು ದೊಡ್ಡದಾದಾಗ ಐದೇ ದಶಮಾಂಶ ಸ್ಥಾನ ಸಾಲದು. 0.30102999566 ಹಿಡಿದರೆ 4,10,24,319.94 ಬರುತ್ತದೆ, ಪೂರ್ಣಾಂಕಕ್ಕೆ 1 ಕೂಡಿಸಿ, 4,10,24,320. ಆ .94 ಕೂಡ ವ್ಯರ್ಥವಲ್ಲ: 8ರ ಲಾಗರಿದಮ್ .903, 9ರದು .954, ಹಾಗಾಗಿ ಸಂಖ್ಯೆಯ ಮೊದಲ ಅಂಕಿ 8. ಕೊನೆಯದು 1, ಏಕೆಂದರೆ ಘಾತಾಂಕವನ್ನು 4ರಿಂದ ಭಾಗಿಸಿದರೆ ಶೇಷ 1. ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದಾದ ಇಂಥವನ್ನು ಕೊಡಿ.

"ಘಾತಾಂಕ ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯ" ಎಂಬುದು ತಪ್ಪು. ಘಾತಾಂಕ 11 ಇಟ್ಟು ನೋಡಿ: 2047, ಅಂದರೆ 23 × 89. ಘಾತಾಂಕ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. ಇಲ್ಲೇ ಇನ್ನೊಂದು ಗುಣ ಹೇಳಬಹುದು: 23 ಮತ್ತು 89 ಎರಡರಲ್ಲೂ 1 ಕಳೆದರೆ ಉಳಿದದ್ದು 22ರಿಂದ ಭಾಗವಾಗುತ್ತದೆ, ಅಂದರೆ ಘಾತಾಂಕದ ಎರಡರಷ್ಟರಿಂದ. ಬೆಸ ಅವಿಭಾಜ್ಯ ಘಾತಾಂಕಗಳಿಗೆಲ್ಲ ಇದು ನಿಯಮ. ಹಾಗಾಗಿ ನಿಮ್ಮ ಸಂಖ್ಯೆಗೆ 27 ಕೋಟಿಯೊಳಗೆ 1 ಬಿಟ್ಟು ಬೇರೆ ಅಪವರ್ತನ ಇರಲಾರದೆಂದು ಯಾವ ಪರೀಕ್ಷೆಗೂ ಮೊದಲೇ ಗೊತ್ತು.

ಇಂಥ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಸುವ ಲೂಕಾಸ್–ಲೆಹ್ಮರ್ ಪರೀಕ್ಷೆಯನ್ನು "ಸಂಕೀರ್ಣ ಗಣಿತ" ಎಂದು ಬದಿಗಿಟ್ಟಿದ್ದೀರಿ. ಅದು ಹೈಸ್ಕೂಲಿನ ಲೆಕ್ಕ. 4ರಿಂದ ಆರಂಭ, ಪ್ರತಿ ಸಲ ವರ್ಗ ಮಾಡಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಮಾಡಿದಾಗ ಶೇಷ 0 ಬಂದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಘಾತಾಂಕ 7 ಆದರೆ ಸಂಖ್ಯೆ 127: 4, 14, 67, 42, 111, 0. ಐದು ಹೆಜ್ಜೆ. ಒಂದು ಹೆಜ್ಜೆ ತಪ್ಪಿದರೂ ಕೊನೆಯ ಉತ್ತರವನ್ನು ನಂಬುವಂತಿಲ್ಲ. ಮರುಪರೀಕ್ಷೆ ಬೇಕಾಗುವುದು ಅದಕ್ಕೇ. ಈ ಸಂಖ್ಯೆ ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದಾಗ, ಬರೀ ಒಂದುಗಳ ಸಾಲು. ಹಾಗಾಗಿ ಕಂಪ್ಯೂಟರಿಗೆ ಭಾಗಾಕಾರವೇ ಬೇಡ, ಮೇಲಿನ ಬಿಟ್‌ಗಳನ್ನು ಕೆಳಗಿನವಕ್ಕೆ ಕೂಡಿಸಿದರೆ ಮುಗಿಯಿತು. ಸಮಯ ಹೋಗುವುದು ವರ್ಗ ಮಾಡುವುದರಲ್ಲಿ.

ಈ ಸಂಖ್ಯೆ ಬ್ಯಾಂಕ್ ಭದ್ರತೆಗೆ ನೆರವಾಗುತ್ತದೆ ಎಂಬ ಪ್ಯಾರಾ ತೆಗೆದುಹಾಕಿ. ಗೂಢಲಿಪಿಗೆ ಬೇಕಾದದ್ದು ಕೆಲವು ನೂರು ಅಂಕಿಗಳ, ಯಾರಿಗೂ ತಿಳಿಯದ ಅವಿಭಾಜ್ಯಗಳು. ಇದು ಊರಿಗೆಲ್ಲ ಗೊತ್ತಿರುವ ಸಂಖ್ಯೆ.

2024ರ ಅಕ್ಟೋಬರ್‌ನಲ್ಲಿ ಇಂಥ ಅವಿಭಾಜ್ಯಗಳನ್ನು ಹುಡುಕುವ ಸ್ವಯಂಸೇವಕರ ಜಿಂಪ್ಸ್ ಯೋಜನೆಯಲ್ಲಿ ಲ್ಯೂಕ್ ಡ್ಯುರಾಂಟ್ ಇದನ್ನು ಕಂಡುಹಿಡಿದರು ಎಂಬುದು ಸರಿ. ಆದರೆ ಮೊದಲ ಸುಳಿವು ಸಿಕ್ಕಿದ್ದು ಫರ್ಮಾ ಪರೀಕ್ಷೆಯಿಂದ; "ಬಹುಶಃ ಅವಿಭಾಜ್ಯ" ಎಂದಷ್ಟೇ ಅದು ಹೇಳಬಲ್ಲದು. ಖಚಿತಪಡಿಸಿದ್ದು ಲೂಕಾಸ್–ಲೆಹ್ಮರ್. "52ನೇ ಮರ್ಸೆನ್ ಅವಿಭಾಜ್ಯ" (2ರ ಘಾತದಿಂದ 1 ಕಳೆದ ರೂಪದ ಅವಿಭಾಜ್ಯ) ಎನ್ನುವ ಕಡೆ "ತಿಳಿದಿರುವವುಗಳಲ್ಲಿ" ಎಂದು ಸೇರಿಸಿ. ಸಿಕ್ಕಿದ ಕಾಲಕ್ಕೆ, ಇದಕ್ಕಿಂತ ಚಿಕ್ಕ ಘಾತಾಂಕಗಳ ಪರಿಶೀಲನೆ ಪೂರ್ತಿ ಮುಗಿದಿರಲಿಲ್ಲ.