ಸ್ವಿಚ್ ಬಂಡಲ್ ತಗೊಳ್ಳಾಕ ಮುಂಚೆ ಕೇಳ್ರಿ: ಒಳಗ ಗೇಮ್ ಕಾರ್ಡ್ ಐತೋ, ಚೀಟಿ ಐತೋ?

ನಿಂಟೆಂಡೋ ಕಂಪನಿಯ ಗೇಮ್ ಆಡೋ ಮಷೀನ ಸ್ವಿಚ್ 2 ಬರೀ ಅದನ್ನಷ್ಟಾ ತಗೊಳ್ಳಾ, ಇಲ್ಲಾ ಆರು ಸಾವಿರ ಜಾಸ್ತಿ ಕೊಟ್ಟು ಮಾರಿಯೋ ಕಾರ್ಟ್ ವರ್ಲ್ಡ್ ಅನ್ನೋ ರೇಸ್ ಗೇಮ್, 128 ಜಿಬಿ ಮೆಮೊರಿ ಕಾರ್ಡ್, ಪೌಚ್, ಸ್ಕ್ರೀನ್ ಗ್ಲಾಸ್ ಎಲ್ಲಾ ಸೇರಿದ ಬಂಡಲ್ ತಗೊಳ್ಳಾ, ಮಗಂಗ ಅಂತ ಕೇಳೀರಿ. ನಿಮ್ಮ ಪ್ರಶ್ನೆ ಓದಿದ ಕೂಡ್ಲೇ ನಂಗ 2021ರ ಡಿಸೆಂಬರ್ ನೆನಪಾತು ನೋಡ್ರಿ.

ನಾನು ಗಂಗಾವತಿಯೊಳಗ ರೈಸ್ ಮಿಲ್ ಲೆಕ್ಕ ಬರಿಯಾಂವ. ಅಕ್ಕನ್ನ ಕೊಪ್ಪಳಕ್ಕ ಕೊಟ್ಟೀವಿ, ಅವಳ ಮಗ ಆಗ ಐದನೇತ್ತ. ಲಾಕ್‌ಡೌನ್‌ನಾಗ ಹುಡುಗ ಮೊಬೈಲ್ ಹಿಡ್ಕೊಂಡು ಕೂತು ಕೂತು ಕಣ್ಣು ಕೆಂಪ ಮಾಡ್ಕೊಂಡಿದ್ದ, ಮೊಬೈಲ್ ಬಿಟ್ರ ಗೇಮ್ ಆಡೋ ಮಷೀನ ಕೊಡಸ್ತೀನಿ ಅಂತ ಮಾತು ಕೊಟ್ಟಿದ್ದೆ, ಅಂವ ಖರೇನ ಬಿಟ್ಟ. ಹಂಗಾಗಿ ಬೆಂಗಳೂರಿಗೆ ಒಂದು ಮದುವಿಗೆ ಹೋದಾಗ ಒಂದು ಅಂಗಡಿಗೆ ಹೋದೆ. ಆಗಿನ್ನೂ ಹಳೇ ಸ್ವಿಚ್, ಬರೀ ಮಷೀನ 27 ಸಾವಿರ, ಬಂಡಲ್ 31,500 ಅಂದ್ರು. ಬಂಡಲ್‌ನಾಗ ಮಾರಿಯೋ ಕಾರ್ಟ್ 8 ಡಿಲಕ್ಸ್, 3 ತಿಂಗಳ ಆನ್‌ಲೈನ್ ಮೆಂಬರ್‌ಶಿಪ್. ಅಂಗಡ್ಯಾಂವ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿ ಕೂಡಿಸಿ ತೋರಿಸಿದ: ಗೇಮ್ ಬ್ಯಾರೆ ತಗೊಂಡ್ರ ಇಷ್ಟು, ಮೆಂಬರ್‌ಶಿಪ್ ಇಷ್ಟು, ನಿಮಗ ಇಷ್ಟು ಉಳೀತು ಅಂತ. ದಿನಾ ಲೆಕ್ಕ ಬರಿಯೋ ನಾನು ಆ ಲೆಕ್ಕ ಒಪ್ಕೊಂಡೆ.

ಹಂಪಿ ಎಕ್ಸ್‌ಪ್ರೆಸ್‌ನಾಗ ರಾತ್ರಿಯೆಲ್ಲಾ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಬಂದೆ, ಕೊಪ್ಪಳದಾಗ ಇಳದು ಸೀದಾ ಅಕ್ಕನ ಮನಿಗೆ ಹೋದೆ. ಹೊರಸಿನ ಮ್ಯಾಲ ಡಬ್ಬಿ ಬಿಚ್ಚಿದ್ವಿ. ಮಷೀನ ಬಂತು, ಎರಡೂ ಕಡೆ ಹಚ್ಚೋ ಜಾಯ್-ಕಾನ್ ಕಂಟ್ರೋಲರ್ ಬಂತು, ಟಿವಿಗೆ ಹಚ್ಚೋ ಡಾಕ್, ಚಾರ್ಜರ್, ವೈರ್ ಬಂತು. ಗೇಮ್ ಬರ್ಲಿಲ್ಲ. ಹುಡುಗ ರಟ್ಟಿನ ಪದರ ಒಂದೊಂದಾ ಎತ್ತಿ ನೋಡಿದ, ಖಾಲಿ ಡಬ್ಬಿ ಬೋರಲು ಹಾಕಿ ತಳ ಬಡದ. ಕಡೀಕ ಒಂದು ತೆಳ್ಳನ ಚೀಟಿ ಬಿತ್ತು, ಅದರಾಗ 16 ಅಕ್ಷರದ ಒಂದು ಕೋಡು. ಮಾಮಾ, ಗೇಮ್ ಎಲ್ಲೈತಿ ಅಂದ. ಇದಾ ಗೇಮ್ ಅಂತ ಹೇಳಾಕ ನಂಗ ಎರಡು ನಿಮಿಷ ಬೇಕಾತು.

ಡಬ್ಬಿ ಮ್ಯಾಲ ಗೇಮಿನ ಚಿತ್ರ ದೊಡ್ಡದಾಗಿ ಇತ್ತು, ಅದರ ಹತ್ರಾನ ಡೌನ್‌ಲೋಡ್ ಅಂತನೂ ಬರದಿತ್ತು. ನಾನು ಚಿತ್ರ ನೋಡಿದೆ, ಅಕ್ಷರ ಓದಲಿಲ್ಲ. ನಾನು ಮಾಡಿದ ತಪ್ಪು ಇದೊಂದಾ. ಉಳಿದದ್ದೆಲ್ಲಾ ಇದರ ಹಿಂದಿಂದ ಬಂತು, ಅದಕ್ಕ ಬಿಡಿಸಿ ಹೇಳ್ತೀನಿ.

ಮೊದಲನೇದು, ಆ ಕೋಡ್ ಹಾಕಾಕ ನಿಂಟೆಂಡೋ ಅಕೌಂಟ್ ಬೇಕು. ಅಕೌಂಟ್ ಮಾಡುವಾಗ ದೇಶ ಯಾವ್ದು ಅಂದಲ್ಲಿ ಇಂಡಿಯಾ ಅಂತ ಕೊಟ್ಟಿದ್ದೆ, ಅದರ ಆನ್‌ಲೈನ್ ಶಾಪ್ ತೆರೀಲೇ ಇಲ್ಲ. ಅದು ಅಮೆರಿಕಾದ ಡಬ್ಬಿ, ಕೋಡೂ ಅಲ್ಲಿದು. ಅಕೌಂಟ್‌ನಾಗ ದೇಶ ಅಮೆರಿಕಾ ಅಂತ ಬದಲಿ ಮಾಡಿದ ಮ್ಯಾಲ ತಗೊಂತು. ಇದು ತಿಳಿಯಾಕ ಎರಡು ದಿನ ಹೋತು. ಎರಡನೇದು, ಗೇಮ್ 7 ಜಿಬಿ ಹತ್ರ ಐತಿ. ಅಕ್ಕನ ಮನ್ಯಾಗ ವೈಫೈ ಇಲ್ಲ, ನನ್ನ ಮೊಬೈಲ್ ಪ್ಯಾಕ್ ದಿನಕ್ಕ 1.5 ಜಿಬಿ. ಐದು ದಿನ ರಾತ್ರಿ ಹಾಟ್‌ಸ್ಪಾಟ್ ಹಚ್ಚಿ ಇಳಿಸಿದ್ವಿ, ಹುಡುಗ ದಿನಾ ಮುಂಜಾನೆ ಎದ್ದು ಆ ಗೆರಿ ಎಷ್ಟು ತುಂಬೇತಿ ಅಂತ ನೋಡ್ತಿದ್ದ. ಮೂರನೇದು ಮೆಂಬರ್‌ಶಿಪ್, ಅದು ಕೋಡ್ ಹಾಕಿದ ದಿನದಿಂದ ಓಡಾಕ ಚಾಲೂ, ಆ ನೆಟ್‌ವರ್ಕ್‌ನಾಗ ಬ್ಯಾರೆಯವರ ಜೊತಿ ರೇಸ್ ಆಡಾಕ ಆಗ್ಲಿಲ್ಲ, ಮೂರು ತಿಂಗಳು ಹಂಗಾ ಮುಗೀತು.

ಇದನ್ನೆಲ್ಲಾ ತಡಕೊಂಡೆ. ಹೊಟ್ಟಿ ಉರಿದದ್ದು 2023ರಾಗ, ಮಾರಾಕ ಹೋದಾಗ. ತಗೊಳ್ಳಾಂವ ಮೊದಲು ಕೇಳಿದ್ದು, ಕಾರ್ಡ್ ಎಷ್ಟದಾವ್ರಿ ಅಂತ, ಅಂದ್ರ ಮಷೀನಕ್ಕ ಹಾಕಿ ಆಡೋ ಗೇಮ್ ಕಾರ್ಡ್. ಒಂದೂ ಇಲ್ಲ. ಚೀಟಿಯಿಂದ ಬಂದ ಗೇಮ್ ನನ್ನ ಅಕೌಂಟ್‌ನಾಗ ಐತಿ, ಅದನ್ನ ಮಾರಾಕ ಬರಂಗಿಲ್ಲ, ಆಗ ಇನ್ನೊಬ್ರ ಅಕೌಂಟಿಗೆ ಕೊಡಾಕೂ ಬರ್ತಿರ್ಲಿಲ್ಲ. ಬರೀ ಮಷೀನದ ರೊಕ್ಕ ಬಂತು. ನಮ್ಮ ಮಿಲ್ಲಿಗೆ ಬರೋ ಒಬ್ರ ಮಗ ಅದಾ ಮಾರಿಯೋ ಕಾರ್ಟ್ ಕಾರ್ಡ್ ಸೆಕೆಂಡ್ ಹ್ಯಾಂಡ್ 2,400ಕ್ಕ ತಗೊಂಡು ಒಂದು ವರ್ಷ ಆಡಿ 2,200ಕ್ಕ ಮಾರಿದ. ಅಂವಗ ಆ ಗೇಮ್ ಬಿದ್ದದ್ದು ಇನ್ನೂರು ರೂಪಾಯಿ, ನಂಗ 4,500. ಇನ್ನೊಂದು ಆಮ್ಯಾಲ ಗೊತ್ತಾತು: ಅಮೆರಿಕಾದಾಗ ನವೆಂಬರ್ ಸೇಲ್‌ನಾಗ ಅದಾ ಬಂಡಲ್‌ಗೆ 299 ಡಾಲರ್, ಬರೀ ಮಷೀನಕ್ಕೂ ಅಷ್ಟಾ. ಅಂದ್ರ ಕಂಪನಿ ಪುಕ್ಕಟೆ ಕೊಟ್ಟದ್ದಕ್ಕ ನಾನು ರೊಕ್ಕ ಕೊಟ್ಟು ಬಂದಿದ್ದೆ.

ಈಗ ನಿಮ್ದು. ಬಂಡಲ್ಲೋ ಬರೀ ಮಷೀನೋ ಅನ್ನೋ ಪ್ರಶ್ನೆನಾ ಸರಿ ಇಲ್ಲ ಅಂತೀನಿ ನಾನು. ಒಳಗಿನ ಗೇಮ್ ಕೈಯಾಗ ಹಿಡಿಯೋದಾ, ಅಕೌಂಟ್‌ನಾಗ ಕೂಡೋದಾ, ಅದನ್ನ ಮೊದ್ಲು ಕೇಳ್ಬೇಕು. ಸ್ವಿಚ್ 2 ಜೊತಿ ಬರೋ ಮಾರಿಯೋ ಕಾರ್ಟ್ ವರ್ಲ್ಡ್ ಡೌನ್‌ಲೋಡ್ ಗೇಮ್. 2025ರ ಜೂನ್ 5ಕ್ಕ ಬಂದಾಗ ಅಮೆರಿಕಾದಾಗ ಮಷೀನ 449.99 ಡಾಲರ್, ಬಂಡಲ್ 499.99, ಗೇಮ್ ಬ್ಯಾರೆ ತಗೊಂಡ್ರ 79.99. ಆಗ ಅಲ್ಲಿ ಖರೇನ 30 ಡಾಲರ್ ಉಳೀತಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮ ಅಂಗಡ್ಯಾಂವ ಕೇಳೋ ಆರು ಸಾವಿರದಾಗ ಪೌಚು ಗ್ಲಾಸಿನ ರೇಟೂ ಸೇರೇತಿ, ಅವು ಎರಡೂ ಹೊರಗ ಕಡಿಮಿಗೆ ಸಿಗತಾವ. ಈಗ ವರ್ಚುವಲ್ ಗೇಮ್ ಕಾರ್ಡ್ ಅಂತ ಬಂದೈತಿ, ಡೌನ್‌ಲೋಡ್ ಗೇಮ್‌ನ ಫ್ಯಾಮಿಲಿ ಗ್ರೂಪ್‌ನಾಗಿನವ್ರಿಗೆ 14 ದಿನ ಕೊಡಬಹುದು. ಮಾರಾಕ ಮಾತ್ರ ಆಗ್ಲೂ ಬರಂಗಿಲ್ಲ, ಈಗ್ಲೂ ಬರಂಗಿಲ್ಲ.

ಆ 128 ಜಿಬಿ ಕಾರ್ಡ್ ಬಗ್ಗೆ ಹೇಳಲೇಬೇಕು. ಸ್ವಿಚ್ 2ರಾಗ ಗೇಮ್ ಇಡಾಕ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಹೊಸ ನಮೂನಿ ಕಾರ್ಡಾ ಬೇಕು. ಮೊಬೈಲಿಗೆ ಹಾಕೋ ಸಾದಾ ಕಾರ್ಡ್ ಹಾಕಿದ್ರ ಅದರಾಗ ಗೇಮ್ ಕೂಡಂಗಿಲ್ಲ. ಅಂಗಡ್ಯಾಂವ ಕೊಡೋ ಕಾರ್ಡಿನ ಮ್ಯಾಲ ಎಕ್ಸ್‌ಪ್ರೆಸ್ ಅಂತ ಇಲ್ಲಂದ್ರ ಅದನ್ನ ನಿಮ್ಮ ಲೆಕ್ಕದಾಗ ಸೊನ್ನಿ ಹಿಡೀರಿ. ಮಷೀನದಾಗಾ 256 ಜಿಬಿ ಐತಿ, ಒಂದು ವರ್ಷ ಕಾರ್ಡಾ ಬೇಕಾಗಂಗಿಲ್ಲ.

ಡಬ್ಬಿ ಯಾವ ದೇಶದ್ದು ಅಂತನೂ ನೋಡ್ರಿ. ರೇಟ್ ಭಾಳ ಕಡಿಮಿ ಐತಿ ಅಂದ್ರ ಜಪಾನಿಂದು ಇರಬಹುದು. ಅಲ್ಲಿ ಸ್ವಿಚ್ 2ರಾಗ ಎರಡು ನಮೂನಿ ಬಿಟ್ಟಾರ, 2025ರಾಗ ಬಂದಾಗ 49,980 ಯೆನ್ ಇದ್ದದ್ದು ಜಪಾನೀ ಭಾಷೆ ಬಿಟ್ರ ಬ್ಯಾರೆ ಬರಂಗಿಲ್ಲ, ಜಪಾನ್ ಅಕೌಂಟ್ ಬಿಟ್ರ ಬ್ಯಾರೆ ತಗೊಳ್ಳಂಗಿಲ್ಲ. ಬ್ಯಾರೆ ಭಾಷೆನೂ ಇರೋದು ಆಗ 69,980 ಯೆನ್. ಮಗಂಗ ಜಪಾನೀ ಮೆನು ಓದಾಕ ಹಚ್ಚಬ್ಯಾಡ್ರಿ.

ಗೇಮ್-ಕೀ ಕಾರ್ಡ್ ಅಂತನೂ ಒಂದು ಬಂದೈತಿ. ನೋಡಾಕ ಕಾರ್ಡಾ, ಒಳಗ ಗೇಮ್ ಇರಂಗಿಲ್ಲ, ಬರೀ ಕೀಲಿ, ಗೇಮ್ ಇಳಿಸ್ಕೋಬೇಕು. ಡಬ್ಬಿ ಕೆಳಗ ಬರದಿರ್ತಾರ. ನಿಮ್ಮ ಊರಾಗ ನೆಟ್ ಚೊಲೋ ಇದ್ರ ಇದೂ ನಡೀತೈತಿ, ಆ ಕಾರ್ಡನ್ನ ಮಾರಬಹುದು, ಬ್ಯಾರೆಯವ್ರಿಗೆ ಕೊಡಬಹುದು.

ನಾನಾಗಿದ್ರ ಬರೀ ಮಷೀನ ತಗೊಂಡು, ಮಾರಿಯೋ ಕಾರ್ಟ್ 8 ಡಿಲಕ್ಸ್ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕ್ತೀನಿ. 2017ರ ಗೇಮ್ ಆದ್ರೂ ಸ್ವಿಚ್ 2ರಾಗ ಓಡ್ತೈತಿ, ಹುಡುಗ್ರಿಗೆ ಬ್ಯಾಸರ ಆಗಂಗಿಲ್ಲ. ಮಗಾ ಬ್ಯಾರೆ ಗೇಮ್ ಕೇಳಿದ ದಿನ ಇದನ್ನ ಮಾರಿ ಅದನ್ನ ತರ್ರಿ. ಮನಿಗೆ ವೈಫೈ ಇದ್ದು, ಒಬ್ಬನಾ ಮಗಾ ಇದ್ದು, ಮಾರೋ ವಿಚಾರಾನ ಇಲ್ಲಂದ್ರ ಬಂಡಲ್ ತಗೋರಿ, ಆದ್ರ ಪೌಚು ಗ್ಲಾಸು ಮೆಮೊರಿ ಕಾರ್ಡ್ ತಗಸಿ ರೇಟ್ ಕೇಳ್ರಿ.

ನಮ್ಮ ಕಡೆ ಇದ್ದವ್ರಿಗೆ ಇದೂ ಬೇಕು: ಈ ಮಷೀನ 35 ಡಿಗ್ರಿ ತನಕ ಅಂತ ಕಂಪನಿಯವ್ರಾ ಬರದಾರ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟತೈತಿ. ಬ್ಯಾಸಗ್ಯಾಗ ಚಾರ್ಜಿಗೆ ಹಾಕಿ ಆಡಾಕ ಬಿಡಬ್ಯಾಡ್ರಿ, ಕೂಲರ್ ಮುಂದ ತಂಪಿಗೆ ಇಡಾಕನೂ ಹೋಗಬ್ಯಾಡ್ರಿ, ಆ ಗಾಳ್ಯಾಗ ನೀರಿರ್ತೈತಿ.

ಕಳೆದ ವರ್ಷ ಅಕ್ಕನ ಮಗಂಗ ಒಂದು, ನಮ್ಮ ಮನ್ಯಾಗ ಒಂದು ಹಳೇ ಸ್ವಿಚ್ ತಗೊಂಡೀವಿ, ಎರಡರ ನಡುವ ನಾಕು ಕಾರ್ಡ್ ಅದಾವ. ಮೊದಲ ಕಾರ್ಡ್ ತಂದ ದಿನ ನನ್ನ ಸಣ್ಣ ಮಗಳು ಅದನ್ನ ನಾಲಿಗಿಗೆ ಹಚ್ಚಿ ಅತ್ಲು. ನುಂಗಬಾರದು ಅಂತ ಕಂಪನಿಯವ್ರಾ ಅದಕ್ಕ ಕಹಿ ಹಚ್ಚಿರ್ತಾರ, ವಿಷ ಅಲ್ಲ, ಹೆದರಬ್ಯಾಡ್ರಿ. ಕೊಪ್ಪಳಕ್ಕ ಯಾರರ ಹೊಂಟ್ರ ಅವ್ವ ಸಜ್ಜಿ ರೊಟ್ಟಿ ಕಟ್ಟೋ ಡಬ್ಬ್ಯಾಗ ಒಂದು ಕಾರ್ಡ್ ಇಡ್ತೀನಿ, ವಾಪಸ್ ಬರೋ ಡಬ್ಬ್ಯಾಗ ಅಂವ ಇನ್ನೊಂದು ಇಟ್ಟು ಕಳಸ್ತಾನ.

ನಾಳೆ ಅಂಗಡಿಗೆ ಹೋಗಿ ಡಬ್ಬಿ ನಾಕೂ ಕಡೆ ಫೋಟೋ ತಗೊಂಡು ಹಾಕ್ರಿ, ನೋಡಿ ಹೇಳ್ತೀನಿ. ಅಲ್ಲೀ ತನಕ ಅಡ್ವಾನ್ಸ್ ಕೊಡಬ್ಯಾಡ್ರಿ.